ಬಡವನ ಮತವೂ ‘ನಮ್ಮ ಮನುಷ್ಯ’ನೂ

ಚುನಾವಣೆ ಮುಗಿದೊಡನೆ ಪಟ್ಟಣದ ಸುಶಿಕ್ಷಿತರಿಂದ ಒಂದು ದೂರು ತಪ್ಪದೆ ಕೇಳಿಬರುತ್ತದೆ. ಕೂಲಿಕಾರನು ಪ್ರಣಾಳಿಕೆಯನ್ನು ನೋಡುವುದಿಲ್ಲ. ತನ್ನ ಮಾತಿನಲ್ಲಿ ಮಾತಾಡುವವನಿಗೆ, ಮದುವೆಗೂ ಮಣ್ಣಿಗೂ ಬರುವವನಿಗೆ ಮತ ನೀಡುತ್ತಾನೆ. ಅದರಿಂದಲೇ ರಾಜಕಾರಣ ಕೆಟ್ಟಿತು ಎಂಬುದೇ ಆ ದೂರು. ಯಲಬುರ್ಗೆಯ ನೆಲದಲ್ಲಿ ನಿಂತು ಇದನ್ನು ಪರೀಕ್ಷಿಸಿದರೆ, ತಪ್ಪು ಬರಿಯ ಮತದಾರನದೆಂದು ನಮಗೆ ತೋರುವುದಿಲ್ಲ.

ಯಲಬುರ್ಗೆಯನ್ನೊಳಗೊಂಡ ಕೊಪ್ಪಳ ಲೋಕಸಭಾ ಕ್ಷೇತ್ರದಲ್ಲಿ 1991ರಲ್ಲಿ ಸ್ಪರ್ಧಿಸಿದವರು ಸಾಮಾನ್ಯರಲ್ಲ. ರೈತನಾಯಕರೆಂದು ಪ್ರಖ್ಯಾತರಾದ, ದೇಶದ ಉಪಪ್ರಧಾನಿಯಾಗಿದ್ದ ಹರಿಯಾಣದ ಶ್ರೀ ದೇವಿಲಾಲರು. 10,000 ರೂಪಾಯಿವರೆಗಿನ ಸಾಲ ಮನ್ನಾ ಮಾಡಿದ 1990ರ ಕೇಂದ್ರ ಯೋಜನೆಯು ಅವರ ಹೆಸರಿನೊಂದಿಗೆ ಬೆಸೆದುಕೊಂಡಿತ್ತು. ಒಕ್ಕಲುತನವೇ ಜೀವನವಾದ ಈ ಸೀಮೆಗೆ ಅದಕ್ಕಿಂತ ಹತ್ತಿರದ ಧೋರಣೆ ಯಾವುದಿದ್ದೀತು? ಆದರೂ ಗೆದ್ದವರು ರಾಯಚೂರು ಸೀಮೆಯ ಶ್ರೀ ಬಸವರಾಜ ಪಾಟೀಲ ಅನ್ವರಿಯವರು. ಅದೇ ಚುನಾವಣೆಯ ನಡುವೆ ಸಂಭವಿಸಿದ ರಾಜೀವ ಗಾಂಧಿಯವರ ಹತ್ಯೆಯು ಜನಮನವನ್ನು ಕಲಕಿತ್ತೆಂಬುದು ನಿಜ. ಅಷ್ಟನ್ನು ಕಳೆದರೂ, ದೂರದ ಮಹಾಪುರುಷನಿಗಿಂತ ಬಳಿಯ ಪರಿಚಿತನೇ ಮೇಲೆಂಬ ಭಾವನೆಯನ್ನು ಅಲ್ಲಗಳೆಯಲಾಗದು.

ಈ ಭಾವನೆಯ ಬೇರು ಎಲ್ಲಿದೆ? ಮಳೆಯನ್ನೇ ನಂಬಿದ ಬೇಸಾಯ ಕೈಕೊಟ್ಟರೆ ಯಲಬುರ್ಗೆಯ ಬಡವನು ಬೆಂಗಳೂರಿಗೋ ಗೋವೆಗೋ ಗುಳೆ ಹೋಗುತ್ತಾನೆ. ಅವನ ಪಾಲಿಗೆ ಸರಕಾರವೆಂದರೆ ತತ್ತ್ವವಲ್ಲ, ಕಚೇರಿ. ರೇಷನ್ ಕಾರ್ಡು, ವೃದ್ಧಾಪ್ಯ ವೇತನ, ಪಹಣಿಯ ತಿದ್ದುಪಡಿ, ಇವೆಲ್ಲವೂ ಒಬ್ಬ ಗುಮಾಸ್ತೆಯ ಮೇಜಿನ ಮೇಲಿರುತ್ತವೆ. 2005ರ ಉದ್ಯೋಗ ಖಾತರಿ ಕಾಯಿದೆಯು ವರ್ಷಕ್ಕೆ 100 ದಿನಗಳ ಕೆಲಸವನ್ನೂ ಹದಿನೈದು ದಿನಗಳೊಳಗೆ ಕೂಲಿಯನ್ನೂ ವಾಗ್ದಾನ ಮಾಡಿತ್ತು. ಕಾಗದದ ಮೇಲೆ ಅದು ಹಕ್ಕು. ಆದರೆ ಕೂಲಿ ತಡವಾದಾಗ ಅವನು ಕಾಯಿದೆಯ ಕಲಮನ್ನು ಹುಡುಕಲಿಲ್ಲ, ಸಾಹೇಬರೊಡನೆ ತನಗಾಗಿ ಮಾತಾಡುವವನನ್ನು ಹುಡುಕಿದನು. ಹಕ್ಕು ವಶೀಲಿಯಿಂದಲೇ ದಕ್ಕುವಲ್ಲಿ ವಶೀಲಿಗಾರನನ್ನು ಆರಿಸುವುದು ಮೂಢತನವೇ?

ಈ ಮತದಾರನು ಕುರುಡನೂ ಅಲ್ಲ. 2018ರಲ್ಲಿ ಉನ್ನತ ಶಿಕ್ಷಣ ಮಂತ್ರಿಗಳಾಗಿದ್ದ ಶ್ರೀ ಬಸವರಾಜ ರಾಯರೆಡ್ಡಿಯವರನ್ನು ಯಲಬುರ್ಗೆ ಸೋಲಿಸಿ ಶ್ರೀ ಹಾಲಪ್ಪ ಆಚಾರರನ್ನು ಗೆಲ್ಲಿಸಿತು. ಮಂತ್ರಿಗಳಾಗಿದ್ದ ಆಚಾರರನ್ನು 2023ರಲ್ಲಿ ಸೋಲಿಸಿ ರಾಯರೆಡ್ಡಿಯವರನ್ನೇ ಮರಳಿ ಕಳಿಸಿತು. ಇಬ್ಬರೂ ಈ ಮಣ್ಣಿನವರೇ. ಸೋಲಿಗೆ ಕಾರಣ ಹಲವಿರಬಹುದು. ‘ನಮ್ಮವ’ನೆಂಬುದು ಶಾಶ್ವತ ಪಟ್ಟವಲ್ಲವೆಂಬುದಂತೂ ಸ್ಪಷ್ಟ.

ಧೋರಣೆಯೂ ಮನುಷ್ಯನೂ ಒಂದಾದ ಉದಾಹರಣೆಯೂ ನಾಡಿನಲ್ಲುಂಟು. 1951ರಲ್ಲಿ ಸಾಗರ ಸೀಮೆಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತಾಗ ಅವರೊಡನಿದ್ದವರು ಶ್ರೀ ಶಾಂತವೇರಿ ಗೋಪಾಲಗೌಡರು. ಮರುವರ್ಷವೇ ಆ ಸೀಮೆಯ ಜನ ಅವರನ್ನು ಶಾಸನಸಭೆಗೆ ಕಳಿಸಿದರು. ಉಳುವವನಿಗೆ ಭೂಮಿ ಸಲ್ಲಬೇಕೆಂಬ ತತ್ತ್ವವನ್ನು ರೈತನು ಪುಸ್ತಕದಲ್ಲಿ ಓದಲಿಲ್ಲ. ಹೋರಾಟಗಾರನ ನಡತೆಯಲ್ಲಿ ಕಂಡನು.

ಆದರೆ ಆತ್ಮೀಯತೆಯ ವೇಷವೂ ಉಂಟೆಂಬುದನ್ನು ನಾವು ಮರೆಮಾಚಲಾರೆವು. ಐದು ವರ್ಷ ಕಾಣದವನು ಚುನಾವಣೆಯ ತಿಂಗಳಲ್ಲಿ ಗುಡಿಸಲಿನ ಕಟ್ಟೆಯ ಮೇಲೆ ರೊಟ್ಟಿ ಮುರಿಯುತ್ತಾನೆ; ಜಾತಿಯ ನಂಟನ್ನು ನೆನಪಿಸುತ್ತಾನೆ. ಕೂಲಿಯ ದರವೆಷ್ಟು, ಕೆರೆಗೆ ನೀರು ಎಂದು, ಗುಳೆ ಹೋದವರ ಮಕ್ಕಳಿಗೆ ಶಾಲೆ ಎಲ್ಲಿ ಎಂದು ಮತದಾರನು ಕೇಳದಿದ್ದರೆ ಆ ರೊಟ್ಟಿಯ ಬೆಲೆಯನ್ನು ಅವನೇ ತೆರಬೇಕಾಗುವುದು.

ಹಾಗಾದರೆ ಉಪಾಯವೇನು? ಮತದಾರನಿಗೆ ಬೋಧಿಸುವ ಮೊದಲು ನಾವು ಕಚೇರಿಯನ್ನು ತಿದ್ದಬೇಕು. ಗೊತ್ತಾದ ಅವಧಿಯಲ್ಲಿ ಸೇವೆ ಸಲ್ಲಬೇಕೆಂದು 2011ರ ಸಕಾಲ ಕಾಯಿದೆ ವಿಧಿಸಿದೆ. ಅದು ಪ್ರತಿ ಮೇಜಿನ ಮೇಲೆಯೂ ಅಕ್ಷರಶಃ ನಡೆದರೆ ಬಡವನಿಗೆ ವಶೀಲಿಯ ಹಂಗು ತಪ್ಪುವುದು. ಆಗ ಅವನು ಅಭ್ಯರ್ಥಿಯ ಧೋರಣೆಯನ್ನು ತೂಗಿ ನೋಡಲು ಬಿಡುವು ಪಡೆಯುವನು. ಅರ್ಜಿಯೊಂದು ಅಧಿಕಾರಿಯ ಮುಂದೆ ಕಾರಣವಿಲ್ಲದೆ ಕೊಳೆತ ದಿನವೆಲ್ಲ, ‘ನಮ್ಮ ಮನುಷ್ಯ’ನಿಗೆ ಒಂದು ಮತ ಹೆಚ್ಚುತ್ತದೆ. ಮತದಾರನ ಅಜ್ಞಾನವನ್ನು ಆಡಿಕೊಳ್ಳುವ ಸುಶಿಕ್ಷಿತರು ಇದನ್ನು ಮೊದಲು ಚಿಂತಿಸಲಿ.