ಕಾಫಿ ನಿದ್ರೆಯನ್ನು ಎಲ್ಲಿ ತಡೆಯುತ್ತದೆ?

ಬೆಳಗಿನ ನಾಲ್ಕು ಗಂಟೆಗೆ ಒಲೆ ಹೊತ್ತಿಸುವ ಭಟ್ಟರಿಗೂ, ರಾತ್ರಿ ಪಾಳಿಯ ಲೆಕ್ಕ ಮುಗಿಸುವ ಗುಮಾಸ್ತರಿಗೂ ಕಾಫಿಯೇ ಆಧಾರವೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಅದು ಶರೀರದೊಳಗೆ ಮಾಡುವ ಕೆಲಸವಾದರೂ ಏನು? ಗಲ್ಲೆಯ ಮೇಲೆ ಕುಳಿತು ದಿನಕ್ಕೆ ನೂರಾರು ಲೋಟ ಕಾಫಿ ಮಾರಿದ ನನಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಉತ್ತರವನ್ನು ವಿಜ್ಞಾನಿಗಳು ಇಲಿಯ ಮೆದುಳಿನಲ್ಲಿ ಅರಸಿರುವರು.

ಜೀವಕೋಶಗಳು ದುಡಿದಂತೆ ಅಡಿನೋಸಿನ್ ಎಂಬ ವಸ್ತು ಉತ್ಪನ್ನವಾಗುತ್ತದೆ. ನಾವು ಎಚ್ಚರದಿಂದಿರುವಷ್ಟು ಹೊತ್ತೂ ಮೆದುಳಿನ ಕೆಲವು ಭಾಗಗಳಲ್ಲಿ ಅದು ಏರುತ್ತ ಹೋಗಿ, ನಿದ್ರೆಯಲ್ಲಿ ಇಳಿಯುತ್ತದೆ. ನರಕೋಶಗಳ ಹೊರಮೈಯಲ್ಲಿ ಗ್ರಾಹಕಗಳೆಂಬ ಪ್ರೋಟೀನುಗಳಿವೆ. ಬೀಗಕ್ಕೆ ಕೀಲಿ ಕೂಡುವಂತೆ ಅಡಿನೋಸಿನ್ ಇವುಗಳಲ್ಲಿ ಕೂಡಿದಾಗ ತೂಕಡಿಕೆ ಬರುತ್ತದೆ. ಕಾಫಿಯಲ್ಲಿರುವ ಕೆಫೀನಾದರೋ ಅದೇ ಬೀಗದೊಳಗೆ ಹೊಕ್ಕು, ತಿರುಗಲಾರದೆ ನಿಂತುಬಿಡುವ ಕೀಲಿ. ಅದು ಅಲ್ಲಿರುವ ತನಕ ನಿಜವಾದ ಕೀಲಿಗೆ ಎಡೆಯಿಲ್ಲ. ಕೆಫೀನಿನ ಪ್ರಭಾವಕ್ಕೆ ಈ ತಡೆಯೇ ಕಾರಣವೆಂಬ ವಾದವನ್ನು ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಾಲೊಮನ್ ಸ್ನೈಡರ್ ಹಾಗೂ ಅವರ ಸಂಗಡಿಗರು 1981ರಲ್ಲಿ ಮಂಡಿಸಿದರು.

ಹಾಗಾದರೆ ಈ ಬೀಗಗಳಿರುವುದೆಲ್ಲಿ? 1982ರಲ್ಲಿ ಗುಡ್‌ಮನ್ ಮತ್ತು ಸ್ನೈಡರ್ ಅವುಗಳ ನಕ್ಷೆಯನ್ನು ಪ್ರಕಟಿಸಿದರು. ವಿಧಾನವು ಹೀಗಿದೆ: ಹೆಪ್ಪುಗಟ್ಟಿಸಿದ ಇಲಿಯ ಮೆದುಳನ್ನು ಕೂದಲೆಳೆಗಿಂತಲೂ ತೆಳುವಾಗಿ ಕೊಯ್ದು, ಗಾಜಿನ ಪಟ್ಟಿಯ ಮೇಲಿಡುವರು. ಅಡಿನೋಸಿನನ್ನು ಹೋಲುವ ವಸ್ತುವೊಂದಕ್ಕೆ ವಿಕಿರಣ ಸೂಸುವ ಜಲಜನಕವನ್ನು ಸೇರಿಸಿ, ಆ ದ್ರವದಲ್ಲಿ ಹೋಳನ್ನು ನೆನೆಸುವರು. ಅಂಟದೆ ಉಳಿದುದನ್ನು ತೊಳೆದು, ಫೋಟೋ ಫಿಲ್ಮಿನಂತಹ ಲೇಪವನ್ನು ತಾಗಿಸಿ ಹಲವು ದಿನ ಕತ್ತಲೆಯಲ್ಲಿಡುವರು. ಗ್ರಾಹಕಗಳಿದ್ದೆಡೆಯಲ್ಲಿ ಕಪ್ಪು ಚುಕ್ಕೆಗಳು ಮೂಡುತ್ತವೆ.

ಶರೀರದ ಸಮತೋಲವನ್ನು ಕಾಯುವ ಕಿರುಮೆದುಳು, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್, ಇಂದ್ರಿಯಗಳ ಸುದ್ದಿ ಸಾಗಿಸುವ ಥಲಮಸ್, ಇವುಗಳ ಕೆಲವು ಭಾಗಗಳಲ್ಲಿ ಚುಕ್ಕೆಗಳು ಅತಿ ದಟ್ಟವಾಗಿ ಕಂಡವು. ಹಸಿವು ಬಾಯಾರಿಕೆಗಳನ್ನು ನೋಡಿಕೊಳ್ಳುವ ಹೈಪೊಥಲಮಸ್‌ನಲ್ಲಿ ಅವು ಅತ್ಯಲ್ಪ. ಇದು ಎ1 ಎಂಬ ಒಂದು ಬಗೆಯ ಗ್ರಾಹಕದ ನಕ್ಷೆ. ಎ2ಎ ಎಂಬ ಇನ್ನೊಂದು ಬಗೆಯೂ ಉಂಟು. ಆ ಗ್ರಾಹಕವಿಲ್ಲದಂತೆ ಬೆಳೆಸಿದ ಸುಂಡಿಲಿಗಳಲ್ಲಿ ಕೆಫೀನ್ ಎಚ್ಚರವನ್ನು ಹೆಚ್ಚಿಸಲಿಲ್ಲವೆಂದು 2005ರಲ್ಲಿ ಪ್ರಕಟವಾಯಿತು. ನಿದ್ರೆಯನ್ನು ತಡೆಯುವ ಮುಖ್ಯ ಬೀಗ ಅದೇ ಎಂದಾಯಿತು.

ಇದರಿಂದ ನಾವು ತಿಳಿಯಬೇಕಾದುದು ಒಂದುಂಟು. ಕಾಫಿ ಆಯಾಸವನ್ನು ತೀರಿಸುವುದಿಲ್ಲ, ಮರೆಮಾಡುತ್ತದೆ. ಬೀಗದ ಹೊರಗೆ ಅಡಿನೋಸಿನ್ ಕಾದೇ ಇರುತ್ತದೆ. ಕೆಫೀನ್ ಜಾಗ ಬಿಟ್ಟೊಡನೆ ತೂಕಡಿಕೆ ಮರಳುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಕರಗಲು ಸಾಮಾನ್ಯವಾಗಿ ಸುಮಾರು 5 ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದವನಿಗೆ ರಾತ್ರಿ ಹನ್ನೊಂದಕ್ಕೂ ಅರ್ಧ ಲೋಟ ಒಳಗಿದ್ದಂತೆ. ಮಲಗಿದರೂ ನಿದ್ರೆ ಬಾರದೆಂದು ದೂರುವವರು ಇದನ್ನು ಗಮನಿಸಬೇಕು.

ಹೋಟೆಲು ನಡೆಸುತ್ತಿದ್ದಾಗ, ನಿದ್ರೆಗೆಟ್ಟು ಕಾದ ಎಣ್ಣೆಯ ಮುಂದೆ ತೂಕಡಿಸುತ್ತಿದ್ದ ಅಡಿಗೆಯವನಿಗೆ ಇನ್ನೊಂದು ಲೋಟ ಕಾಫಿ ಕೊಟ್ಟು, ಅದನ್ನೇ ಔದಾರ್ಯವೆಂದು ನಾನು ಭಾವಿಸಿದ್ದೆ. ಅವನಿಗೆ ಬೇಕಾಗಿದ್ದುದು ಎರಡು ತಾಸಿನ ನಿದ್ರೆ. ಮಾಲೀಕ ಬಾಂಧವರು ಕಾಫಿಯನ್ನು ಧಾರಾಳವಾಗಿ ಕೊಡಲಿ. ಆದರೆ ಮಲಗುವ ವೇಳೆಯನ್ನು ಅದಕ್ಕೆ ವಜಾ ಹಾಕದಿರಲಿ.