ಸೂತ್ರಧಾರನಿಂದ ಪಾತ್ರದ ಕಂಠಕ್ಕೆ: ಅಣ್ಣಾಸಾಹೇಬ ಕಿರ್ಲೋಸ್ಕರರ ಸಂಗೀತ ನಾಟಕ

ಮರಾಠಿ ರಂಗಭೂಮಿಯ ‘ಸಂಗೀತ ನಾಟಕ’ಕ್ಕೆ ಸ್ಥಿರವಾದ ರೂಪ ಕೊಟ್ಟ ಬಳವಂತ ಪಾಂಡುರಂಗ ಕಿರ್ಲೋಸ್ಕರ, ಅಂದರೆ ಅಣ್ಣಾಸಾಹೇಬ ಕಿರ್ಲೋಸ್ಕರರು, 1843ರಲ್ಲಿ ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಅದೇ ವರ್ಷ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು, ಕರ್ನಾಟಕದಿಂದ ಬಂದ ಮೇಳವೊಂದರ ಬಯಲಾಟದಿಂದ ಪ್ರೇರಣೆ ಪಡೆದು, ‘ಸೀತಾ ಸ್ವಯಂವರ’ವನ್ನು ಆಡಿಸಿದ್ದರು. ಆ ಪದ್ಧತಿಯಲ್ಲಿ, ಯಕ್ಷಗಾನದ ಭಾಗವತನಂತೆ, ಸೂತ್ರಧಾರನೇ ಹಿಮ್ಮೇಳದೊಡನೆ ಕಥೆಯನ್ನು ಹಾಡುತ್ತಿದ್ದನು. ನಟರು ಅದಕ್ಕೆ ತಕ್ಕಂತೆ ಅಭಿನಯಿಸಿ, ಸಮಯಸ್ಫೂರ್ತಿಯಿಂದ ಮಾತು ಕಟ್ಟುತ್ತಿದ್ದರು.

ಕಿರ್ಲೋಸ್ಕರರು ಹಾಡನ್ನು ಸೂತ್ರಧಾರನಿಂದ ಬಿಡಿಸಿ ಪಾತ್ರಗಳ ಕಂಠಕ್ಕೆ ಒಪ್ಪಿಸಿದರು. ಕಾಳಿದಾಸನ ನಾಟಕವನ್ನು ಮರಾಠಿಗೆ ತಂದು, 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ಅವರು ಪ್ರಯೋಗಿಸಿದ ‘ಸಂಗೀತ ಶಾಕುಂತಲ’ದಲ್ಲಿ ಮಾತೂ ಹಾಡಿನ ಪದವೂ ಬರಹದಲ್ಲಿ ಮೊದಲೇ ನಿಶ್ಚಿತವಾಗಿದ್ದುದರಿಂದ, ಹಾಡು ಕಥೆಯ ನಿರೂಪಣೆಯಾಗಿ ಉಳಿಯದೆ, ಪಾತ್ರದ ವಿರಹ, ಸಂಕೋಚ, ಕೋಪಗಳು ಮಾತಿನ ಮುಂದುವರಿಕೆಯಾಗಿ ಹೊಮ್ಮುವ ಬಗೆಯಾಯಿತು.

ಪದಗಳನ್ನು ರಚಿಸಿ ಅವುಗಳಿಗೆ ಧಾಟಿಯನ್ನೂ ಗೊತ್ತುಮಾಡುತ್ತಿದ್ದ ಕಿರ್ಲೋಸ್ಕರರು ಹಿಂದೂಸ್ತಾನಿ ರಾಗಗಳ ಜೊತೆಗೆ ಕರ್ನಾಟಕದ ಧಾಟಿಗಳನ್ನೂ, ಲಾವಣಿಯ ಲಯವನ್ನೂ, ಹರಿಕೀರ್ತನೆಯಲ್ಲಿ ಬಳಕೆಯಲ್ಲಿದ್ದ ‘ಸಾಕಿ’, ‘ದಿಂಡಿ’ಗಳೆಂಬ ಛಂದೋಬಂಧಗಳನ್ನೂ ಒಂದೇ ನಾಟಕದಲ್ಲಿ ಹೊಂದಿಸಿದರು. ಪದಗಳು ಕಿರಿದಾಗಿದ್ದುದರಿಂದ ರಾಗವು ಸಾಹಿತ್ಯವನ್ನು ನುಂಗದೆ, ಅರ್ಥವು ಪ್ರೇಕ್ಷಕನಿಗೆ ಸ್ಪಷ್ಟವಾಗಿ ತಲುಪುತ್ತಿತ್ತು. 1882ರಲ್ಲಿ ರಂಗಕ್ಕೆ ಬಂದ ‘ಸಂಗೀತ ಸೌಭದ್ರ’ವು ಸಂಸ್ಕೃತ ನಾಟಕವೊಂದರ ಅನುವಾದವಾಗಿರದೆ ಸ್ವತಂತ್ರ ಕೃತಿಯಾಗಿತ್ತು, ಸುಭದ್ರಾರ್ಜುನರ ಪುರಾಣಕಥೆಯನ್ನು ಅದು ಮನೆಯೊಳಗಿನ ಮದುವೆಯ ಮಾತುಕತೆಯಷ್ಟು ಆಪ್ತವಾಗಿಸಿತು.

ಭಾವುರಾವ ಕೊಲ್ಹಟ್ಕರರಂಥ ಗಾಯಕನಟರಿಂದ ಜನಪ್ರಿಯವಾದ ಈ ಪ್ರಕಾರವನ್ನು ನಾಟಕಕಾರ ಗೋವಿಂದ ಬಲ್ಲಾಳ ದೇವಲರು ‘ಶಾರದಾ’ ನಾಟಕದ ಮೂಲಕ ಸಾಮಾಜಿಕ ವಸ್ತುವಿನತ್ತ ತಿರುಗಿಸಿದರು, ಗಾಯಕನಟ ಬಾಲಗಂಧರ್ವರ ಕಾಲಕ್ಕೆ ಅದು ರಾಗವಿಸ್ತಾರದ ವೈಭವವನ್ನು ಪಡೆಯಿತು. ಆ ವೈಭವದಲ್ಲಿ, ‘ಒನ್ಸ್ ಮೋರ್’ ಕೂಗಿಗೆ ಮಣಿದು ಒಂದೇ ಪದವನ್ನು ಮತ್ತೆ ಮತ್ತೆ ಹಾಡುವ ರೂಢಿ ಬೆಳೆದು, ನಾಟಕದ ಓಟ ಕುಂಟಿದ್ದೂ ಉಂಟು. ಈ ಪ್ರಕಾರದ ನಂಟು ಕರ್ನಾಟಕಕ್ಕೂ ಹಬ್ಬಿತು: ಕುಂದಗೋಳದ ಗಾಯಕ ಸವಾಯಿ ಗಂಧರ್ವರು ಮರಾಠಿ ಸಂಗೀತ ನಾಟಕಗಳಲ್ಲಿ ಪಾತ್ರ ವಹಿಸಿದರು; ಉತ್ತರ ಕರ್ನಾಟಕದ ಕಂಪನಿ ನಾಟಕಗಳ ರಂಗಗೀತೆಗಳ ಮೇಲೂ ಈ ಪರಂಪರೆಯ ಪ್ರಭಾವ ಬಿದ್ದಿತು. ಹೀಗೆ ಕನ್ನಡ ಮೇಳದ ಪ್ರೇರಣೆಯಿಂದ ಮೊದಲಾದ ಪ್ರಯೋಗವು ಬೇರೊಂದು ರೂಪದಲ್ಲಿ ಕನ್ನಡ ನಾಡಿಗೆ ಮರಳಿತು.

ಮೂರನೆಯ ಸಂಗೀತ ನಾಟಕ ‘ರಾಮರಾಜ್ಯವಿಯೋಗ’ ಪೂರ್ಣಗೊಳ್ಳುವ ಮೊದಲೇ, 1885ರಲ್ಲಿ, ಕಿರ್ಲೋಸ್ಕರರು ತೀರಿಕೊಂಡರು. ಹಾಡುವವನು ಪಾತ್ರವಾಗಿಯೇ ಹಾಡಬೇಕೆಂಬ ಅವರ ನಿಯಮವನ್ನು ಮರೆತಾಗಲೆಲ್ಲ ಸಂಗೀತ ನಾಟಕವು ಬರಿಯ ಕಚೇರಿಯಾಯಿತು. ಅದನ್ನು ಪಾಲಿಸಿದಾಗ ಮಾತ್ರ ನಾಟಕವಾಗಿ ಉಳಿಯಿತು.