ರಸ್ತೆಯ ಮೇಲಿನ ಹುರುಳಿ, ಕಾರಿನೊಳಗಿನ ಸಂಸಾರ



ಕಾರ್ತಿಕ ಕಳೆದು ಮಾರ್ಗಶಿರ ಬಂತೆಂದರೆ ನಮ್ಮ ಬಯಲುಸೀಮೆಯಲ್ಲಿ ರಾಗಿ, ಹುರುಳಿ ಎರಡರ ಕೆಲಸವೂ ಮೈಮೇಲೆ ಬರುತ್ತದೆ. ಎತ್ತು ಕಟ್ಟುವ ಮನೆಗಳು ಕಡಿಮೆಯಾಗಿವೆ. ಕಲ್ಲುಗುಂಡು ಹಿತ್ತಲಲ್ಲಿ ಮಣ್ಣು ಹಿಡಿದಿದೆ. ಊರ ಮುಂದಿನ ಕಣ ಎಷ್ಟೋ ಕಡೆ ನಿವೇಶನವಾಗಿದೆ. ಹೀಗಿರುವಾಗ ಫಸಲನ್ನು ಡಾಂಬರು ರಸ್ತೆಗೆ ಹರಡಿದರೆ ಬಸ್ಸು ಲಾರಿಗಳೇ ಪುಕ್ಕಟೆಯಾಗಿ ತುಳಿದು ಕಾಳು ಬಿಡಿಸುತ್ತವೆಂದು ತಮಗೆ ತೋರುವುದು ಸಹಜವೇ. ಆದರೆ ಅದೇ ಸೊಪ್ಪಿನ ಮೇಲೆ ಒಂದು ಚಿಕ್ಕ ಕಾರು ಹಾಯ್ದಾಗ ಅದರ ಅಡಿಯಲ್ಲಿ ನಡೆಯುವುದು ದಡದಲ್ಲಿ ನಿಂತವರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ತಾವು ತಿಳಿಯಬೇಕು.

ಕಾರಿನ ಹೊಟ್ಟೆ ನೆಲದಿಂದ ಆರೇಳು ಅಂಗುಲ ಮಾತ್ರ ಮೇಲಿರುತ್ತದೆ. ಲಾರಿ ಎತ್ತರವಾದುದರಿಂದ ದಾಟಿಹೋಗುತ್ತದೆ. ಕಾರು ಸೊಪ್ಪನ್ನು ಉಜ್ಜಿಕೊಂಡೇ ಹೋಗಬೇಕು. ಹುರುಳಿಯೋ ಬಳ್ಳಿಯ ಜಾತಿ, ಒಣಗಿದರೂ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ತಿರುಗುವ ಆಕ್ಸಲ್ಲಿಗೆ ಒಂದು ಎಳೆ ಸಿಕ್ಕಿತೆಂದರೆ ಹಿಂದಿನದೆಲ್ಲ ಕದಿರಿಗೆ ನೂಲು ಸುತ್ತಿದಂತೆ ಸುತ್ತಿಕೊಳ್ಳುತ್ತದೆ. ಅಲ್ಲೇ ಹತ್ತಿರದಲ್ಲಿ ಹೊಗೆ ಕೊಳವೆ ಇದೆ. ಪೆಟ್ರೋಲ್ ಕಾರಿನ ಆ ಕೊಳವೆಯಲ್ಲಿ ಹೊಗೆಯ ವಿಷ ಕಳೆಯುವ ಡಬ್ಬಿಯೊಂದಿರುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಎಂದು ಅದರ ಹೆಸರು. ನಮ್ಮ ದೇಶದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಮೊದಲು ಕಡ್ಡಾಯವಾಯಿತು. ನೀರು ಕುದಿಯುವುದಕ್ಕೆ 100 ಡಿಗ್ರಿ ಸೆಂಟಿಗ್ರೇಡು ಸಾಕು. ಕೆಲಸ ಮಾಡುವಾಗ ಈ ಡಬ್ಬಿಯ ಒಳಗೆ 400 ಡಿಗ್ರಿಗೂ ಹೆಚ್ಚಿನ ಕಾವಿರುತ್ತದೆ. ಒಣ ಸೊಪ್ಪು 300 ಡಿಗ್ರಿಯ ಆಸುಪಾಸಿನಲ್ಲೇ ಹೊತ್ತಿಕೊಳ್ಳುತ್ತದೆ. "ನಮ್ಮ ಕಾಲದಲ್ಲೂ ರಸ್ತೆಗೆ ಹಾಕುತ್ತಿದ್ದೆವು, ಏನೂ ಆಗಲಿಲ್ಲ" ಎನ್ನುವ ಹಿರಿಯರು, ಆ ಕಾಲದ ಮೋಟಾರುಗಳಲ್ಲಿ ಈ ಡಬ್ಬಿ ಇರಲಿಲ್ಲವೆಂಬುದನ್ನೂ ನೆನೆಯಬೇಕು.

ಈಗ ಒಂದು ಸಂಸಾರ ಗೃಹಪ್ರವೇಶಕ್ಕೆಂದು ಕಾರಿನಲ್ಲಿ ಹೊರಟಿದೆ ಎಂದಿಟ್ಟುಕೊಳ್ಳಿ. ಮುಂದೆ ಗಂಡ ಹೆಂಡತಿ, ಹಿಂದೆ ಅಜ್ಜಿ, ಎರಡು ಮಕ್ಕಳು. ಅದು ತಮ್ಮದೇ ಮಗಳು ಅಳಿಯನ ಕಾರೂ ಆಗಿರಬಹುದು. ಸೊಪ್ಪು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತದೆ. ಸುಗ್ಗಿಯ ಕಾಲವಾದ್ದರಿಂದ ಯಾರೋ ಹೊಲದಲ್ಲಿ ಕಸ ಸುಡುತ್ತಿದ್ದಾರೆಂದು ಅವರು ಸುಮ್ಮನಾಗುತ್ತಾರೆ. ಮೋಸ ಹೋಗುವುದು ಇಲ್ಲಿಯೇ. ಸೊಪ್ಪಿನ ಮೇಲೆ ಹಾಯ್ದ ಬಳಿಕ ಸುಟ್ಟ ವಾಸನೆ ಬಂದರೆ ಅದು ತಮ್ಮ ಕಾರಿನದೆಂದೇ ತಿಳಿಯತಕ್ಕದ್ದು.

ಕೂಡಲೇ ಕಾರನ್ನು ಎಡಕ್ಕೆ ತಂದು ಬರಿಯ ಡಾಂಬರಿನ ಮೇಲೆ ನಿಲ್ಲಿಸಬೇಕು. ಸೊಪ್ಪಿನ ಮೇಲೆ, ಒಣಹುಲ್ಲಿನ ಅಂಚಿನಲ್ಲಿ ನಿಲ್ಲಿಸಲೇಕೂಡದು. ಹ್ಯಾಂಡ್ ಬ್ರೇಕ್ ಎಳೆದು, ಬಾಗಿಲುಗಳ ಬೀಗ ತೆಗೆದು, ಇಂಜಿನ್ ಆರಿಸಬೇಕು. ವೈರು ಸುಟ್ಟಮೇಲೆ ಗುಂಡಿ ಒತ್ತಿದರೆ ಬೀಗ ತೆಗೆಯದೆ ಹೋಗಬಹುದು; ಆಗ ಬಾಗಿಲ ಒಳಗಿನ ಹಿಡಿಯನ್ನು ಕೈಯಿಂದ ಎಳೆಯಬೇಕು. ಹಿಂದಿನ ಬಾಗಿಲಿಗೆ ಮಕ್ಕಳ ಬೀಗ ಹಾಕಿದ್ದರೆ ಅದು ಒಳಗಿನಿಂದ ತೆರೆಯದು, ಹೊರಗಿನಿಂದಲೇ ತೆರೆಯಬೇಕು. ಬಾಗಿಲು ಸಿಕ್ಕಿಕೊಂಡರೆ ಪಕ್ಕದ ಕಿಟಕಿಯ ಗಾಜನ್ನು ಮೂಲೆಯಲ್ಲಿ ಚೂಪಾದ ಗಟ್ಟಿ ವಸ್ತುವಿನಿಂದ ಹೊಡೆಯಬೇಕು. ಮುಂದಿನ ದೊಡ್ಡ ಗಾಜು ಪದರದ ಗಾಜು, ಬಿರುಕು ಬಿಟ್ಟರೂ ಸುಲಭವಾಗಿ ಬೀಳುವುದಿಲ್ಲ. ಯಾರು ಮಗುವನ್ನು ಎತ್ತಬೇಕು, ಯಾರು ಅಜ್ಜಿಯ ಕೈ ಹಿಡಿಯಬೇಕೆಂಬುದನ್ನು ಹೊರಡುವ ಮುನ್ನವೇ ಮಾತಾಡಿಕೊಂಡಿರುವುದು ಒಳ್ಳೆಯದು. ಕೇಳಿದರೆ ನಗು ಬರಬಹುದು, ಆ ಹೊತ್ತಿನಲ್ಲಿ ಮಾತಾಡುವುದಕ್ಕೆ ಬಿಡುವಿರುವುದಿಲ್ಲ.

ಇಳಿದವರು ನೂರು ಅಡಿಗೂ ದೂರ, ಗಾಳಿ ಬರುವ ದಿಕ್ಕಿಗೆ ಹೋಗಿ ನಿಲ್ಲಲಿ. ಬ್ಯಾಗು, ಒಡವೆ, ಮೊಬೈಲು ಎಂದು ಯಾರೂ ಹಿಂದಕ್ಕೆ ಓಡಬಾರದು. ಬಾನೆಟ್ ಎತ್ತಿ ನೋಡುವ ಚಪಲ ಗಂಡಸರಿಗೆ ಹೆಚ್ಚು. ಎತ್ತಿದೊಡನೆ ಗಾಳಿ ನುಗ್ಗಿ ಜ್ವಾಲೆ ಮುಖಕ್ಕೆ ಬರುತ್ತದೆ. 112ಕ್ಕೆ ಅಥವಾ ಅಗ್ನಿಶಾಮಕ ದಳದ 101ಕ್ಕೆ ಫೋನು ಮಾಡಿ ಊರ ಹೆಸರು, ಮೈಲಿಗಲ್ಲು ಹೇಳಬೇಕು.

ಹೊಗೆಯಿಲ್ಲದೆ ಬರಿಯ ಸೊಪ್ಪು ಜೋತಾಡುತ್ತಿದ್ದರೆ ಇಂಜಿನ್ ಆರಿಸಿ, ಚೆನ್ನಾಗಿ ಆರುವವರೆಗೆ ಕಾದು, ಕೋಲಿನಿಂದಲೋ ಕುಡುಗೋಲಿನಿಂದಲೋ ಬಿಡಿಸಬಹುದು. ಕೈ ಹಾಕಬೇಡಿ.

ಸಮೀಪದ ಹೊಲದಲ್ಲಿರುವ ತಾವು ಮಾಡಬಹುದಾದ ಕೆಲಸವೂ ಇದೆ. ಮೊದಲು ಒಳಗಿರುವವರನ್ನು ಇಳಿಸಿ. ಆಗತಾನೆ ಹೊತ್ತಿದ ಸಣ್ಣ ಬೆಂಕಿಗೆ ದೂರದಿಂದ ಮಣ್ಣು ಎರಚಿ. ಪೆಟ್ರೋಲು ಸೋರುತ್ತಿದ್ದರೆ ನೀರು ಹಾಕಿದಷ್ಟೂ ಬೆಂಕಿ ಹರಡೀತು. ಉರಿ ಎದ್ದಮೇಲೆ ಹತ್ತಿರ ಸುಳಿಯಬೇಡಿ. ರಸ್ತೆಯ ಮೇಲಿನ ಉಳಿದ ಸೊಪ್ಪನ್ನು ಎಳೆದು ದೂರ ಹಾಕಿ, ಇಲ್ಲವಾದರೆ ಬೆಂಕಿ ರಾಗಿ ಮೆದೆಗೆ ಹೋದೀತು. ಮೈಬಟ್ಟೆ ಹೊತ್ತಿದವರು ಓಡಬಾರದು, ನೆಲಕ್ಕೆ ಬಿದ್ದು ಉರುಳಬೇಕು. ಸುಟ್ಟ ಗಾಯದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಡಿ, ತೆಳುವಾದ ಶುಚಿ ಬಟ್ಟೆ ಹೊದಿಸಿ, 108 ಆಂಬುಲೆನ್ಸ್ ಕರೆಸಿ. ಎಣ್ಣೆ, ಟೂತ್‌ಪೇಸ್ಟು ಏನನ್ನೂ ಸವರಬೇಡಿ.

ಬೈಕಿನವರ ಪಾಡು ಬೇರೆ. ರಾಗಿ ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ತೆನೆಗೆ ಕಾವಲೆಂದು ತಾವು ಅಂಚಿಗೆ ಇಡುವ ಕಲ್ಲುಗಳು ರಾತ್ರಿ ಅವರಿಗೆ ಕಾಣಿಸುವುದಿಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಂತೆ ಸಾರ್ವಜನಿಕ ದಾರಿಯಲ್ಲಿ ಅಪಾಯ ಅಥವಾ ಅಡ್ಡಿ ಉಂಟುಮಾಡಿದವರಿಗೆ 5,000 ರೂಪಾಯಿವರೆಗೆ ದಂಡವಿದೆ. ದಂಡ ಬೀಳದಿದ್ದರೂ ನಷ್ಟ ತಪ್ಪಿದ್ದಲ್ಲ: ರಸ್ತೆಯ ಕಾಳಿನಲ್ಲಿ ಜಲ್ಲಿಪುಡಿ, ಮೋಟಾರಿನ ಎಣ್ಣೆ ಸೇರುತ್ತದೆ, ಹುರುಳಿ ಹೋಳಾಗುತ್ತದೆ. ಹೋಳಾದುದು ಬೀಜಕ್ಕೆ ಬಾರದು.

ಹಾಗಾದರೆ ಎಲ್ಲಿ ಒಕ್ಕಬೇಕು? ಪಂಚಾಯಿತಿಯಿಂದ ಒಕ್ಕಣೆ ಕಣ ಕಟ್ಟಿಸಿರುವ ಊರುಗಳಲ್ಲಿ ಸರದಿ ಗೊತ್ತುಮಾಡಿಕೊಳ್ಳಿ. ಬಾಡಿಗೆಗೆ ಯಂತ್ರ ಸಿಗುವುದೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ; ನಾಲ್ಕು ಮನೆಯವರು ಕೂಡಿ ತರಿಸಿದರೆ ಬಾಡಿಗೆ ಹಗುರ. ಎರಡೂ ಇಲ್ಲವಾದರೆ ಹೊಲದ ಮೂಲೆಯಲ್ಲೇ ಕಣ ಮಾಡಿ. ಕೂಳೆ ಕೆತ್ತಿ, ನೀರು ಚಿಮುಕಿಸಿ, ಗಟ್ಟಿಸಿ, ಸಗಣಿ ಸಾರಿಸಿದರೆ ಆಯಿತು. ಈ ಕೆಲಸ ಹುರುಳಿ ಕೀಳುವುದಕ್ಕೆ ಎಂಟು ದಿನ ಮುಂಚೆಯೇ ಮುಗಿದಿರಲಿ. ಹಸಿ ಕಣದ ಮೇಲೆ ಗುಂಡು ಹೊಡೆದರೆ ಮಣ್ಣೆದ್ದು ಕಾಳಿಗೆ ಸೇರುತ್ತದೆ.